ನಾಗಮ್ಮನ ಹೆಸರಿಗೆ ಬಂದ ಸೀರೆ

"ಡೆಲಿವರಿಗೆ ಯಾರಾರೂ ದುಡ್ಡು ಕೊಡ್ತಾರನೇ? ನನ್ನ ಎರಡು ಡೆಲಿವರಿನೂ ಸರ್ಕಾರಿ ಆಸ್ಪತ್ರೆಲಿ ಪುಕ್ಕಟೆ ಆಗದೆ!"

ಮಾತು ನಾಗಮ್ಮನದು. ಆಡಿದ್ದು ಮೊಮ್ಮಗಳು ಜ್ಯೋತಿ. ನಾಗಮ್ಮ ತೀರಿಕೊಂಡು ಏಳು ತಿಂಗಳಾಗಿತ್ತು. ಬಿ.ಕಾಂ. ಎರಡನೇ ವರ್ಷದ ಜ್ಯೋತಿಗೆ ಓದಿಗಿಂತ ಅಣಕ ಚೆನ್ನಾಗಿ ಬರುತ್ತಿತ್ತು. ಕಾಲೇಜಿನ ಪ್ರಿನ್ಸಿಪಾಲರಿಂದ ಹಿಡಿದು ತರಕಾರಿ ಗಾಡಿಯ ಮೈಕಿನವರೆಗೆ ಯಾರನ್ನೂ ಬಿಟ್ಟವಳಲ್ಲ. ಅಜ್ಜಿಯ ಧ್ವನಿಯಂತೂ ಗಂಟಲಲ್ಲೇ ಬಾಡಿಗೆಗೆ ಇದ್ದಂತಿತ್ತು.

ಹೆಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದ ತಾಯಿ ಅನುಶ್ರೀ ಬೆಚ್ಚಿ ಹಿಂದೆ ನೋಡಿದಳು. "ಬಾಯಿ ಮುಚ್ಚೇ. ಜಗಲಿಮೇಲೆ ಅಜ್ಜ ಕುಂತಾರೆ."

"ಸುಳ್ಳು ಹೇಳಿದ್ನಾ? ತೊಂಬತ್ತು ರೂಪಾಯಿ ಡೆಲಿವರಿ ಚಾರ್ಜು ಅಂದ್ರೆ ಅಜ್ಜಿ ಮತ್ತೆಂತ ಅಂತಿತ್ತು?"

ಮನೆ ಇದ್ದದ್ದು ಶಿರಸಿಯಲ್ಲಿ, ಯಲ್ಲಾಪುರ ರಸ್ತೆಯ ಒಂದು ಓಣಿಯಲ್ಲಿ. ಯಜಮಾನ ಮಂಜಪ್ಪ ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು. ಮಗ ನವೀನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದ. ಸೊಸೆ ಅನುಶ್ರೀ ಮನೆಯಲ್ಲೇ ರವಿಕೆ ಹೊಲಿದು, ಸೀರೆಗೆ ಫಾಲ್ ಹಚ್ಚಿ ನಾಲ್ಕು ಕಾಸು ಮಾಡುತ್ತಿದ್ದಳು. ಮಂಜಪ್ಪನ ಮಗಳು ಪ್ರತಿಭಾಳನ್ನು ಯಲ್ಲಾಪುರಕ್ಕೆ ಮದುವೆ ಮಾಡಿ ಕೊಟ್ಟಿತ್ತು.

ಮುಂದಿನ ವಾರ ಹಿರಿಯರ ಹಬ್ಬ. ನಾಗಮ್ಮ ಹಿರಿಯರ ಸಾಲಿಗೆ ಸೇರಿದ ಮೇಲೆ ಮೊದಲನೆಯದು. ಹೋದವಳಿಗೆ ಹೊಸ ಸೀರೆ ಇಡಬೇಕು. ಸೂಜಿ ಮುಟ್ಟಿಸದ ಸೀರೆ. ಅದನ್ನು ತರಬೇಕಾದವಳು ಸೊಸೆ.

"ಗಿಣಿಹಸಿರು, ಅರಿಶಿನದ ಅಂಚು," ಎಂದು ಮಂಜಪ್ಪ ಮೊದಲೇ ಹೇಳಿಟ್ಟಿದ್ದ. "ಅವ್ಳು ಕೊನೇವರೆಗೂ ಕೇಳಿದ್ದು ಅದ್ನೇ. ನಾನೇ ಇವತ್ತು ನಾಳೆ ಅಂದೆ."

ಪೇಟೆಯ ಅಂಗಡಿಗಳಲ್ಲಿ ಅಂಥದ್ದಕ್ಕೆ ಹೇಳಿದ ಬೆಲೆ ಕೇಳಿ ಅನುಶ್ರೀ ನೀರು ಸಹ ಕುಡಿಯದೆ ಮನೆಗೆ ಬಂದಿದ್ದಳು. ಫೋನಿನಲ್ಲಿ ಅದೇ ಸೀರೆ ಅರ್ಧ ಬೆಲೆಗೆ ಮಿರಿಮಿರಿ ಮಿಂಚುತ್ತಿತ್ತು. ಮೇಲೆ ತೊಂಬತ್ತು ರೂಪಾಯಿ ಡೆಲಿವರಿ. ಮೊದಲ ಸಲ ತರಿಸುವವರಿಗೆ ಮಾತ್ರ ಪುಕ್ಕಟೆ. ಈ ಮನೆಯಲ್ಲಿ ಎಲ್ಲರ ಮೊದಲ ಸಲವೂ ಮುಗಿದಿತ್ತು. ನವೀನನ ಹೆಸರಲ್ಲಿ ಅಂಗಿ, ಅನುಶ್ರೀ ಹೆಸರಲ್ಲಿ ನೈಟಿ, ಜ್ಯೋತಿ ಹೆಸರಲ್ಲಿ ಕುರ್ತಾ. ಮಂಜಪ್ಪನ ಹೆಸರಿಗೆ ಒಂದು ಮಂಗನಟೊಪ್ಪಿಗೆ ಬಂದಿತ್ತು.

"ಅಜ್ಜಿ ನಂಬರ್ ಉಳದದೆ," ಎಂದಳು ಜ್ಯೋತಿ.

ಅನುಶ್ರೀಯ ರೊಟ್ಟಿ ಹೆಂಚಿನ ಮೇಲೆ ಕರಟಿತು.

ನಾಗಮ್ಮನ ಫೋನು ಗುಂಡಿ ಒತ್ತುವ ಸಣ್ಣ ಫೋನು. ಮಂಜಪ್ಪ ಅದನ್ನು ಬಂದ್ ಮಾಡಿರಲಿಲ್ಲ. ತನ್ನ ಹಾಸಿಗೆಯ ಪಕ್ಕದ ಕಿಟಕಿಯಲ್ಲಿಟ್ಟು ಕರೆನ್ಸಿ ಹಾಕಿಸುತ್ತಿದ್ದ. ಯಾಕೆಂದು ಮಗ ಕೇಳಿದಾಗ, "ಅವ್ಳ ಕಡೆ ಜನಕ್ಕೆ ನನ್ನ ನಂಬರ್ ಗೊತ್ತಿಲ್ಲ," ಎಂದಿದ್ದ.

"ಸತ್ತವರ ಹೆಸರಲ್ಲಿ ತರ್ಸೂದಾ?" ಎಂದಳು ಅನುಶ್ರೀ.

"ಅವ್ರಿಗೇ ಅಲ್ದಾ ಸೀರೆ? ಮತ್ತ್ಯಾರ ಹೆಸರಲ್ಲಿ ತರಿಸ್ತೆ?"

ತೊಂಬತ್ತು ರೂಪಾಯಿ ಎಂದರೆ ಒಂದು ಸೀರೆಯ ಫಾಲ್ ಹಚ್ಚಿದ ಕೂಲಿ. ಮಂಜಪ್ಪ ಸ್ನಾನಕ್ಕೆ ಹೋದದ್ದೇ ಜ್ಯೋತಿ ಕಿಟಕಿಗೆ ಓಡಿ ಓಟಿಪಿ ನೋಡಿ ಬಂದಳು. ಅನುಶ್ರೀಯ ಫೋನಿನ ಪರದೆ ಹೂವು ಚೆಲ್ಲಿ ಹೇಳಿತು: ಸ್ವಾಗತ, ನಾಗಮ್ಮ!

* * *

ಹಬ್ಬದ ಮುನ್ನಾದಿನ ಮಧ್ಯಾಹ್ನ ಓಣಿಯ ತುದಿಯಿಂದ ಯಾರೋ ಕೂಗಿದರು. "ನಾಗಮ್ಮಾ! ಹೋಯ್ ನಾಗಮ್ಮಾ! ನಾಗಮ್ಮನ ಮನೆ ಯಾವ್ದ್ರೀ?"

ಎದುರುಮನೆಯಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತು. ಜಗಲಿಯ ಮೇಲೆ ಎಲೆಯಡಿಕೆಯ ಕವಳ ಹಾಕುತ್ತಿದ್ದ ಮಂಜಪ್ಪ ಎದ್ದು ನಿಂತ. "ಹೋ," ಎಂದ, ಬಾಯಲ್ಲಿ ಎಲೆ ಇಟ್ಟುಕೊಂಡೇ.

ಕೊರಿಯರಿನ ನಾಗಪತಿ. ಈ ಓಣಿಗೆ ಹೊಸಬ. ಅನುಶ್ರೀ ಒಳಗಿಂದ ಓಡಿ ಬಂದು ಪೊಟ್ಟಣ ತೆಗೆದುಕೊಂಡು ದುಡ್ಡು ಕೊಟ್ಟಳು.

"ನೀವೇ ನಾಗಮ್ಮನಾ?"

"ಹೌದು ಮಾರಾಯ, ಕೊಡು," ಎಂದುಬಿಟ್ಟಳು.

ಮಂಜಪ್ಪ ಕೇಳಿದ, "ಎಂತಕೆ ಅವ್ಳ ಹೆಸರು ಕೂಗ್ದ ಅಂವ?"

"ಸೀರೆ ಅತ್ತೆ ಹೆಸರಿಗೇ ತರ್ಸಿದ್ದು, ಮಾವ."

ಮಂಜಪ್ಪ ಎಲೆ ಉಗಿದು ಬಾಯಿ ಒರೆಸಿಕೊಂಡ. "ಚೊಲೊ ಮಾಡ್ದೆ. ಅವ್ಳ ಹೆಸರಿಗೆ ಅಂತ ಯಾರೂ ಎಂತನೂ ಕಳಿಸಿದ್ದಿಲ್ಲ. ನಾನು ನಿಲ್ಕುಂದದಲ್ಲಿ ರಾತ್ರಿ ಉಳಿಯೂ ವಸ್ತಿ ಬಸ್ಸು ಹೊಡಿವಾಗ ಊರವರ ಬಟ್ಟೆ ಗಂಟೆಲ್ಲ ನನ್ನ ಸೀಟಿನ ಹಿಂದೆ. ಒಂದು ಕವಳ ಕೊಟ್ರೆ ಯಲ್ಲಾಪುರದ ಸೀರೆ ನಿಲ್ಕುಂದಕ್ಕೆ ಮುಟ್ತಿತ್ತು. ಅವ್ಳ ಹೆಸರಿನ ಗಂಟು ಒಂದೂ ಇರಲಿಲ್ಲ."

ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಅನುಶ್ರೀ ಪೊಟ್ಟಣ ಬಿಚ್ಚಿದಳು. ಗಿಣಿ ಎಲ್ಲೋ ಹಾರಿಹೋಗಿತ್ತು. ಬೇಯಿಸಿ ಹಿಂಡಿದ ಸೊಪ್ಪಿನ ಬಣ್ಣ. ಅಂಚಂತೂ ಅರಿಶಿನವಲ್ಲ, ಕಾಮಾಲೆ. ಕೈ ಕೆಳಗಿಟ್ಟರೆ ಕೈಯ ಗೆರೆ ಕಾಣುವಷ್ಟು ತೆಳು.

ಚಹಾಕ್ಕೆ ಬಂದ ನವೀನ ನೋಡಿದ. "ಇದ್ನ ಇಟ್ರೆ ಪ್ರತಿಭಾ ನಮ್ಮನ್ನೇ ಎಡೆ ಇಡ್ತಾಳೆ."

"ಎಂತ ಮಾಡದು ಈಗ?"

"ವಾಪಸ್ ಮಾಡು. ಟ್ಯಾಗ್ ಕೀಳಬ್ಯಾಡ. ಬೆಳಿಗ್ಗೆ ಅಂಗಡಿ ಬಾಗಿಲು ತೆಗದದ್ದೇ ನಾನೇ ಒಂದು ಹಿಡ್ಕಂಡು ಬತ್ತೆ."

ಸೀರೆ ಕವರಿನೊಳಗೆ ಸೇರಿ ಫ್ರಿಜ್ಜಿನ ಮೇಲೆ ಕೂತಿತು. ಮಾವನಿಗೆ ಹೇಳುವುದನ್ನು ಇಬ್ಬರೂ ಇನ್ನೊಬ್ಬರು ಹೇಳುತ್ತಾರೆಂದು ಬಿಟ್ಟರು.

* * *

ಬೆಳಿಗ್ಗೆ ಅನುಶ್ರೀ ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಮಂಜಪ್ಪ ನಡುಮನೆಯಲ್ಲಿ ಮಣೆ ಹಾಕಿ, ಕಳಸ ಇಟ್ಟು, ಹಿತ್ತಾಳೆ ಹರಿವಾಣದಲ್ಲಿ ಆ ಸೀರೆಯನ್ನೇ ಇಟ್ಟಾಗಿತ್ತು. ಸೆರಗಿನ ಮೂಲೆಗೆ ಅರಿಶಿನದ ಬೊಟ್ಟು. ಟ್ಯಾಗು ಮಡಿಕೆಯೊಳಗೆ ಸಿಕ್ಕಿಕೊಂಡಿತ್ತು. ಕನ್ನಡಕ ಹಾಕದ ಅವನಿಗೆ ಕಂಡಿರಲಿಲ್ಲ, ಬಣ್ಣವೂ ಕಂಡಿರಲಿಲ್ಲ.

"ಮಾವ, ಅದು..."

"ಇಟ್ಟಾಯ್ತು. ಇನ್ನು ಎಡೆ ಆಗೂವರೆಗೆ ಮುಟ್ಟೂದಲ್ಲ." ಮಂಜಪ್ಪ ಹರಿವಾಣವನ್ನು ಇನ್ನಷ್ಟು ನೇರ ಮಾಡಿದ. "ಸಂಜೆಗೆ ಪ್ರತಿಭಾ ತಗಂಡು ಹೋಗಿ ಉಡಬೇಕು. ಮಗಳು ಉಟ್ರೆ ಹೋದವ್ಳು ಉಟ್ಟಂಗೆ. ಬಟ್ಟೆ ಮನೆ ದಾಟಿದ್ರೆ ಅವಳೂ ದಾಟ್ತಾಳೆ. ನಮ್ಮ ಅವ್ವಂದು ಹೀಂಗೇ ಆಗಿದ್ದು."

"ದಾಟದಿದ್ರೆ?"

"ಸೊಸೆ ಉಟ್ರೆ ದಾಟೂದಿಲ್ಲ. ಇಲ್ಲೇ ಉಳೀತದೆ ಜೀವ. ಅದ್ಕೇ ಯಾರೂ ಉಡೂದಿಲ್ಲ."

ಇಪ್ಪತ್ತು ವರ್ಷ ಅನುಶ್ರೀ ಈ ಅಡಿಗೆಮನೆಯಲ್ಲಿ ಇನ್ನೊಬ್ಬಳ ಕೆಲಸದವಳಂತೆ ಇದ್ದವಳು. ಜೀರಿಗೆ ಡಬ್ಬಿ ಯಾವ ಮೂಲೆ, ಹಾಲಿಗೆ ಯಾವ ಪಾತ್ರೆ, ಎಣ್ಣೆ ಎಷ್ಟು ಬೊಟ್ಟು, ಎಲ್ಲ ನಾಗಮ್ಮನ ಕಾನೂನು. ನಾಗಮ್ಮ ಹೋದ ಮೇಲೂ ಅವಳು ಒಂದು ಡಬ್ಬಿ ಕದಲಿಸಿರಲಿಲ್ಲ. ಸೀರೆ ಮನೆ ದಾಟಲಿ ಎಂದು ಕಾಯುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ಗಂಡನಿಗೊಬ್ಬನಿಗೆ ಬಿಟ್ಟು.

ನವೀನ ಅಂಗಡಿಯಿಂದ ಒಳ್ಳೆಯ ಗಿಣಿಹಸಿರು ತಂದಾಗ ತಡವಾಗಿತ್ತು. ಪ್ರತಿಭಾ ಯಲ್ಲಾಪುರದ ಬಸ್ಸಿಳಿದು ಬಂದಿದ್ದಳು. ಕೊಟ್ಟೆ ಕಡಬು, ಕೋಳಿ ಸಾರು, ನಾಗಮ್ಮನಿಗೆ ಪ್ರೀತಿಯ ಒಣ ಸಿಗಡಿ ಚಟ್ನಿ ಎಲೆ ತುಂಬ ಬಿತ್ತು. ಲೋಬಾನದ ಹೊಗೆಯಲ್ಲಿ ಎಲ್ಲರ ಕಣ್ಣೂ ನೀರು. ಯಾರ ನೀರು ಹೊಗೆಯದು, ಯಾರದು ದುಃಖದ್ದು ಎಂದು ಬೇರೆ ಮಾಡುವಂತಿರಲಿಲ್ಲ. ಸೀರೆಯ ಬಣ್ಣವನ್ನಂತೂ ಯಾರೂ ನೋಡಲಿಲ್ಲ.

ಸಂಜೆ ಅನುಶ್ರೀ ಕೊಠಡಿಗೆ ಹೋಗಿ ಗಂಟು ಕಟ್ಟಿಕೊಂಡು ಬಂದಳು. ಗಂಟಿನೊಳಗಿದ್ದದ್ದು ಅಂಗಡಿಯ ಸೀರೆ; ಒಂದು ಗಿಣಿಹಸಿರು ಮನೆ ದಾಟಿದರಾಯಿತು ಎಂದುಕೊಂಡಿದ್ದಳು.

ಬಿಚ್ಚಿ ನೋಡಿದ ಪ್ರತಿಭಾ, "ಅತ್ತಿಗೆ, ಮಸ್ತ್ ಅದೆ. ಅಮ್ಮ ಇದ್ದಾಗ ಇಂಥದ್ದು ಒಂದು ಕೊಡಿಸಿದ್ರೆ ನಿನ್ನ ಹೊಗಳಿ ಸಾಯ್ತಿತ್ತು."

"ಸಾಯೂವಾಗಾದ್ರೂ ಹೊಗಳ್ಬೇಕಿತ್ತು," ಎಂದಳು ಅನುಶ್ರೀ. ಇಬ್ಬರೂ ನಕ್ಕರು.

ಪ್ರತಿಭಾಳ ಬಸ್ಸು ಹೊರಟ ಸುದ್ದಿ ಬಂದ ಮೇಲೆ ಅನುಶ್ರೀ ಅಡಿಗೆಮನೆಗೆ ಹೋಗಿ ಜೀರಿಗೆ ಡಬ್ಬಿಯನ್ನು ಕಿಟಕಿಯ ಕಡೆಗೆ ಸರಿಸಿದಳು.

* * *

"ದುಡ್ಡು ಸುಮ್ನೆ ಬಿಡೂದಾ?" ಎಂದ ನವೀನ. "ಅಂಗಡಿಗೆ ಅಷ್ಟು ಸುರಿದಾಗದೆ. ಇದಾದ್ರೂ ವಾಪಸ್ ಬರಲಿ."

"ಎಡೆಗಿಟ್ಟ ಸೀರೆ ಮಾರಾಯ್ರೇ."

"ಎಡೆಗಿಟ್ಟ ಕೋಳಿನ ನಾವೇ ತಿಂದ್ವಲ್ಲ? ಅಮ್ಮ ಎಂತ ಹೊತ್ಕಂಡು ಹೋತಾ?"

ಅನುಶ್ರೀ ಅರಿಶಿನದ ಬೊಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಇಸ್ತ್ರಿ ಹಾಕಿದಳು. ಟ್ಯಾಗನ್ನು ಹೊರಗೆಳೆದು ನೆಟ್ಟಗೆ ಮಾಡಿದಳು. ವಾಪಸ್ ಮಾಡಲೂ ಎಪ್ಪತ್ತು ರೂಪಾಯಿ ಹಿಡಿದುಕೊಳ್ಳುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಬರುವಾಗ ಉಳಿಸಿದ್ದು ಹೋಗುವಾಗ ಹೋಯಿತು. ಕಾರಣ ಕೇಳಿದ ಕಡೆ ಅವಳು ಇದ್ದದ್ದನ್ನೇ ಒತ್ತಿದಳು: ಬಣ್ಣ ಇಷ್ಟವಾಗಲಿಲ್ಲ.

ಮರುದಿನ ಅವಳು ನೀರು ತುಂಬುತ್ತಿದ್ದಾಗ ಕಿಟಕಿಯ ಫೋನು ಹೊಡೆದುಕೊಂಡಿತು. ಏಳು ತಿಂಗಳಲ್ಲಿ ಅದು ಹೊಡೆದುಕೊಂಡದ್ದು ಅದೇ ಮೊದಲು. ಮಂಜಪ್ಪ ಎತ್ತಿದ. ಸಕ್ಕರೆ ಪಾಕದಂಥ ಹೆಣ್ಣು ಧ್ವನಿ, ಉಸಿರು ತೆಗೆಯದೆ:

"ನಮಸ್ಕಾರ, ನಾಗಮ್ಮ ಅವರೇ. ನೀವು ನಿಮ್ಮ ಸೀರೆಯನ್ನು ಮರಳಿಸಲು ಕೋರಿದ್ದೀರಿ. ಕಾರಣ: ಬಣ್ಣ ಇಷ್ಟವಾಗಲಿಲ್ಲ. ಹೌದಾದರೆ ಒಂದನ್ನು ಒತ್ತಿ. ಮನಸ್ಸು ಬದಲಾಯಿಸಿದ್ದರೆ ಎರಡನ್ನು ಒತ್ತಿ."

ಮಂಜಪ್ಪ ಫೋನು ಕಿವಿಗೆ ಒತ್ತಿಕೊಂಡು ನಿಂತ. ಧ್ವನಿ ಮತ್ತೊಮ್ಮೆ ಅದನ್ನೇ ಹೇಳಿತು. ನಲವತ್ತೈದು ವರ್ಷದ ಸಂಸಾರದಲ್ಲಿ ನಾಗಮ್ಮ ಮನಸ್ಸು ಬದಲಾಯಿಸಿದ್ದನ್ನು ಅವನು ಕಂಡಿರಲಿಲ್ಲ. ಒಂದನ್ನು ಒತ್ತಿದ.

ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತು ಕೇಳಿದ, "ಅನುಶ್ರೀ, ಆ ಸೀರೆ ಬಣ್ಣ ಹ್ಯಾಂಗಿತ್ತು? ಗಿಣಿಹಸಿರೇ ಸೈಯಾ?"

"ಹೌದಲ್ಲ ಮಾವ. ಪ್ರತಿಭಾನೂ ಮಸ್ತ್ ಅದೆ ಅಂದ್ಲು."

"ಅವ್ಳಿಗೆ ಮನಸ್ಸಿಗೆ ಬಂದದ್ದಿಲ್ಲ."

"ಯಾರಿಗೆ?"

"ನಾಗಿಗೆ. ಫೋನ್ ಬಂದಿತ್ತು."

ನವೀನನ ಕೈಯ ತುತ್ತು ಅಲ್ಲೇ ನಿಂತಿತು. ಜ್ಯೋತಿ ನೀರು ಕುಡಿಯುವ ನೆಪದಲ್ಲಿ ಲೋಟದಲ್ಲಿ ಮುಖ ಇಟ್ಟಳು. ಮಂಜಪ್ಪ ಅರ್ಧ ತಟ್ಟೆಗೇ ಕೈ ತೊಳೆದ.

* * *

ನಾಗಪತಿ ಸೀರೆ ಒಯ್ಯಲು ಬಂದ ದಿನ ಮಂಜಪ್ಪ ಹಿತ್ತಲಲ್ಲಿ ಕಟ್ಟಿಗೆ ಒಟ್ಟುತ್ತಿದ್ದ. ಗೇಟಿನಲ್ಲಿ ನಾಗಪತಿ ಕಿವಿಗೆ ಫೋನು ಹಿಡಿದೇ ಹೇಳಿದ, "ಆಫೀಸಿನವ್ರು ಲೈನಲ್ಲಿ ಅದಾರೆ. ನಾಗಮ್ಮ ಅವರೇ ಒಂದು ಮಾತು ಹೂಂ ಅನ್ಬೇಕಂತೆ. ಈ ಕಡೆ ಸುಳ್ಳು ರಿಟರ್ನ್ ಜಾಸ್ತಿ ಆಗದೆ."

ಅನುಶ್ರೀ ತಿರುಗಿ ಮಗಳನ್ನು ನೋಡಿದಳು. ಜ್ಯೋತಿ ಕೈ ಚಾಚಿ ಫೋನು ತೆಗೆದುಕೊಂಡು ಕದದ ಹಿಂದೆ ಹೋದಳು.

"ಹೂಂ, ನಾಗಮ್ಮನೇ ಹೇಳು," ಎಂದಿತು ಕದ. "ಎಂಥಾ ಸೀರೆ ಕಳ್ಸೀರಿ ನೀವು? ಉಟ್ರೆ ಮಾನ ಹೋಗ್ತದೆ, ಬಿಟ್ರೆ ದುಡ್ಡು ಹೋಗ್ತದೆ. ಬರೂವಾಗ ಪುಕ್ಕಟೆ, ಹೋಗೂವಾಗ ಚಾರ್ಜು, ಅದೆಂತ ಸೀರೆನಾ, ಸ್ಪೆಷಲ್ ಬಸ್ಸಾ? ತಗಂಡು ಹೋಗಿ ಸುಮ್ನೆ!"

ನಾಗಪತಿ ನಕ್ಕು, ಪೊಟ್ಟಣ ತೆಗೆದುಕೊಂಡು ಹೋದ.

ಜ್ಯೋತಿ ಕದದ ಹಿಂದಿನಿಂದ ಹೊರಬಂದರೆ ಎದುರಿಗೆ ಅಜ್ಜ. ಕೈಯಲ್ಲಿ ಕಟ್ಟಿಗೆ ತುಂಡು ಹಾಗೇ ಇತ್ತು. ಹೊಡೆಯುತ್ತಾನೆಂದು ಅವಳು ಹಿಂದೆ ಸರಿದಳು.

"ನೀನನಾ?" ಎಂದ ಮಂಜಪ್ಪ.

"ತಮಾಷೆಗೆ ಅಜ್ಜ. ತಪ್ಪಾತು."

"ಇನ್ನೊಂಚೂರು ಮಾತಾಡು."

"ಎಂತ?"

"ಹಂಗೇ. ಅವ್ಳ ಹಂಗೆ. ಊಟ ಆಯ್ತನಾ ಅಂತ ಕೇಳು, ಸಾಕು."

ಜ್ಯೋತಿ ಬಾಯಿ ತೆರೆದಳು. ಕೆಮ್ಮಿ ಮತ್ತೆ ತೆರೆದಳು. ಬಂದದ್ದು ಅವಳದೇ ಧ್ವನಿ. "ಬರ್ತಿಲ್ಲೆ ಅಜ್ಜ."

"ಈಗ ಬಂತಲ್ಲ?"

"ಈಗ ಬರ್ತಿಲ್ಲೆ."

ಅಂದಿನಿಂದ ಅವಳಿಗೆ ಅದು ಬರಲೇ ಇಲ್ಲ. ಪ್ರಿನ್ಸಿಪಾಲರು ಬಂದರು, ತರಕಾರಿ ಮೈಕು ಬಂತು, ಅಜ್ಜಿ ಮಾತ್ರ ಇಲ್ಲ.

ಮಂಜಪ್ಪ ನಾಗಮ್ಮನ ಫೋನನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗತೊಡಗಿದ. ಕ್ಷೌರದಂಗಡಿಯಲ್ಲಿ ಕೂತಾಗಲೂ ಕೈಯಲ್ಲಿ ಅದೇ. ಸಿದ್ದಾಪುರದಿಂದ ಹಳೇ ಕಂಡಕ್ಟರ್ ಕೆರಿಯಪ್ಪ ನೋಡಲು ಬಂದವನು, "ಎಂತ ಮಂಜಪ್ಪಣ್ಣ, ಎರಡೆರಡು ಫೋನು, ಯಾರ ಹತ್ರ ವ್ಯವಹಾರ?" ಎಂದು ಕೆಣಕಿದ. "ಮನೆಯವಳ ಹತ್ರ," ಎಂದ ಮಂಜಪ್ಪ. ಕೆರಿಯಪ್ಪ ಚಹಾ ಅರ್ಧಕ್ಕೆ ಬಿಟ್ಟು ಬಸ್ಸಿಗೆ ಹೊತ್ತಾಯಿತು ಎಂದ.

ಊಟ ಒಂದು ಹೊತ್ತಿಗೆ ಇಳಿಯಿತು. ಅನುಶ್ರೀ ಮೀನು ಹುರಿದಳು, ಕಳಲೆ ಪಲ್ಯ ಮಾಡಿದಳು. ಮಂಜಪ್ಪ ಎರಡು ತುತ್ತಿಗೆ ಏಳುತ್ತಿದ್ದ. "ಅವ್ಳು ಅಲ್ಲಿ ಬಟ್ಟೆ ಇಲ್ದೆ ನಿಂತದಾಳೆ. ನನಗೆ ಇದು ಹ್ಯಾಂಗೆ ಸೇರ್ತದೆ?"

"ಪ್ರತಿಭಾ ಉಟ್ಟಾಯ್ತಲ್ಲ ಮಾವ. ಫೋಟೋ ಕಳಿಸಿದ್ಲು, ತೋರಿಸಿದ್ನಲ್ಲ?"

"ಅವ್ಳೇ ಬ್ಯಾಡ ಅಂದದ್ದನ್ನ ಇವ್ಳು ಉಟ್ರೆಂತ?"

ಒಳಗೆ ಗಂಡಹೆಂಡಿರ ಜಗಳ ಪಿಸುಮಾತಿನಲ್ಲೇ ಕುದಿಯಿತು.

"ಹೇಳಿಬಿಡಿ ನೀವು. ವಾಪಸ್ ಮಾಡಿದ್ದು ನಾವು ಅಂತ."

"ನಾನಾ? ಒತ್ತಿದವ್ಳು ನೀನು."

"ಒತ್ತಿಸಿದವ್ರು ಯಾರು?"

"ಆ ಹೆಸರಲ್ಲಿ ತರ್ಸು ಅಂತ ನಾನು ಹೇಳಿದ್ನನಾ? ತೊಂಬತ್ತು ರೂಪಾಯಿಗೆ ನನ್ನ ಅಮ್ಮನ್ನ ಎಬ್ಬಿಸಿ ಕೂರಿಸಿದೆ!"

ಮರುದಿನ ಜ್ಯೋತಿ, "ಅಮ್ಮ, ಜೀರಿಗೆ ಡಬ್ಬಿ ಮತ್ತೆ ಹಳೇ ಜಾಗಕ್ಕೆ ಯಾಕೆ ಇಟ್ಟೆ?" ಎಂದು ಕೇಳಿದಳು. "ನಾನು ಇಟ್ಟದ್ದಲ್ಲ," ಎಂದಳು ಅನುಶ್ರೀ. ಜ್ಯೋತಿಯೂ ಇಟ್ಟಿರಲಿಲ್ಲ. ಗಂಡಸರು ಆ ಕಪಾಟಿಗೆ ಕೈ ಹಾಕಿದವರೇ ಅಲ್ಲ. ಆಮೇಲೆ ಇಬ್ಬರೂ ಡಬ್ಬಿಯ ಮಾತು ಎತ್ತಲಿಲ್ಲ.

* * *

ದೀಪಾವಳಿಗೆ ಸ್ವಲ್ಪ ದಿನ ಇರುವಾಗ ನಾಗಪತಿ ಮತ್ತೆ ಬಂದ. ಈ ಸಲ ಅವನ ಕೈಗೆ ಸಿಕ್ಕಿದ್ದು ಮಂಜಪ್ಪ.

"ನಾಗಮ್ಮ ಅವರ ರಿಟರ್ನು ರಿಜೆಕ್ಟ್ ಆಗದೆ, ಅಜ್ಜಾ. ಕಂಪನಿ ತಗಳ್ಲಿಲ್ಲ. ವಾಪಸಿನ ವಾಪಸ್ಸು."

ಅನುಶ್ರೀ ಹೊಲಿಗೆ ಮಷೀನು ಬಿಟ್ಟು ಓಡಿ ಬರುವಷ್ಟರಲ್ಲಿ ಮಂಜಪ್ಪ ಜಗಲಿಯ ಮೇಲೆ ಪೊಟ್ಟಣ ಹರಿದಾಗಿತ್ತು. ಕನ್ನಡಕ ಹಾಕಿಕೊಂಡು ಸೀರೆ ಬಿಡಿಸಿದ. ಬಣ್ಣ ನೋಡಿದ. ಸೆರಗಿನ ಮೂಲೆ ಹುಡುಕಿ ಬಿಸಿಲಿಗೆ ಹಿಡಿದ. ಒರೆಸಿದ್ದರೂ ಅರಿಶಿನದ ನೆರಳು ಉಳಿದಿತ್ತು.

"ನಾನಿಟ್ಟ ಬೊಟ್ಟು," ಎಂದ. "ಇದು ಯಲ್ಲಾಪುರಕ್ಕೆ ಹೋಗಿತ್ತಲ್ಲ?"

ಅಷ್ಟರಲ್ಲಿ ಜೇಬಿನ ಫೋನು ಟಿಣ್ ಎಂದಿತು. ಮಂಜಪ್ಪ ಅದನ್ನು ಅಮ್ಮನ ಹಿಂದೆಯೇ ಬಂದ ಜ್ಯೋತಿಯ ಕೈಗೆ ಕೊಟ್ಟ. "ಓದು."

ಜ್ಯೋತಿ ಅಮ್ಮನ ಮುಖ ನೋಡಿದಳು.

"ಅವ್ಳನ್ನೆಂತ ನೋಡ್ತೆ? ಓದು."

"ಪ್ರಿಯ ನಾಗಮ್ಮ, ನಿಮ್ಮ ಮರಳಿಕೆಯನ್ನು ತಿರಸ್ಕರಿಸಲಾಗಿದೆ. ಕಾರಣ..." ಜ್ಯೋತಿ ನಿಲ್ಲಿಸಿದಳು. "ಕಾರಣ, ಬಟ್ಟೆಯನ್ನು ಉಟ್ಟು ಬಳಸಲಾಗಿದೆ."

ಅನುಶ್ರೀ ಮೆಟ್ಟಿಲ ಮೇಲೆ ಕೂತಳು. "ಮಾವ, ನಾನು ಹೇಳ್ತೆ ಕೇಳಿ. ತಪ್ಪೆಲ್ಲ ನಂದು. ಬಣ್ಣ ಕೆಟ್ಟದಿತ್ತು. ಪ್ರತಿಭಾಗೆ ಬೇರೆ ಸೀರೆ ಕೊಟ್ಟೆ. ಇದ್ನ ವಾಪಸ್ ಮಾಡಿದ್ದು ನಾನು. ಅತ್ತೆ ಅಲ್ಲ. ಡೆಲಿವರಿ ಪುಕ್ಕಟೆ ಸಿಗ್ತದೆ ಅಂತ ಅವರ ಹೆಸರು ಹಾಕಿದ್ದು, ಅಷ್ಟೇ."

ಮಂಜಪ್ಪ ಪೂರಾ ಕೇಳಿದ. ಸಿಟ್ಟು ಮಾಡಲಿಲ್ಲ. ಸೀರೆಯನ್ನು ಮೊಣಕಾಲ ಮೇಲೆ ಹರಡಿಕೊಂಡು ಕೈಯಿಂದ ನೀವಿದ.

"ವಾಪಸ್ ಮಾಡಿದ್ದು ನೀನು. ಆಯ್ತು. ಉಟ್ಟದ್ದು ಯಾರು?"

"ಯಾರೂ ಉಟ್ಟಿಲ್ಲ, ಮಾವ."

"ನೀನು?"

"ಇಲ್ಲ."

"ಜ್ಯೋತಿ?"

"ನಾನು ಸೀರೆ ಉಡ್ತ್ನನಾ ಅಜ್ಜ?"

"ಪ್ರತಿಭಾ ಮುಟ್ಟಿದ್ದೇ ಇಲ್ಲ. ಹಂಗಾರೆ ಕಂಪನಿಯವ್ರು ಎಂತಕೆ ಸುಳ್ಳು ಹೇಳ್ತಾರೆ? ಅವ್ರಿಗೆ ನಮ್ಮ ಮನೆ ಕತೆ ಗೊತ್ತದನಾ?"

"ಲೋಬಾನದ ವಾಸನೆ ಬಂದಿರ್ತದೆ, ಅದ್ಕೇ ಹಂಗೆ ಬರದಾರೆ," ಎಂದಳು ಅನುಶ್ರೀ.

ಮಂಜಪ್ಪ ಸೀರೆಯನ್ನು ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. ಆಮೇಲೆ ಅವಳ ಕಡೆ ಚಾಚಿದ. "ಲೋಬಾನನಾ ಇದು?"

ಅನುಶ್ರೀ ಮೂಸಿದಳು. ಕೊಬ್ಬರಿ ಎಣ್ಣೆ, ಕವಳದ ಸುಣ್ಣ, ಒಲೆಯ ಹೊಗೆ: ಅತ್ತೆಯ ಸೆರಗಿನ ವಾಸನೆ. ಅವಳು ಸೀರೆ ತಿರುಗಿ ಕೊಟ್ಟಳು.

ಸಂಜೆ ನವೀನ ಯಲ್ಲಾಪುರಕ್ಕೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ವಿಷಯ ಕೇಳಿದ್ದೇ ಪ್ರತಿಭಾಳ ಧ್ವನಿ ಸೂರಿಗೇರಿತು.

"ಅತ್ತಿಗೆ! ಹಂಗಾರೆ ನಾನು ಉಟ್ಟದ್ದು ಯಾರ ಸೀರೆ?"

"ನಿಂದೇ. ಒಳ್ಳೇ ಸೀರೆ. ಅಂಗಡಿದು."

"ನನ್ನ ಅಮ್ಮನ್ನ ಬರಿಮೈಲಿ ನಿಲ್ಸಿ ನನಗೆ ಒಳ್ಳೇ ಸೀರೆನಾ? ಉಟ್ಕಂಡು ನಾನು ಮದುವೆ ಊಟಕ್ಕೆ ಬೇರೆ ಹೋಗಿ ಬಂದೆ!"

ಮಂಜಪ್ಪ ಫೋನಿನ ಹತ್ತಿರ ಬಾಗಿದ. "ಮಗಾ, ಆದದ್ದು ಆಯ್ತು. ಇದು ಬಂದದೆ. ಕೆರಿಯಪ್ಪನ ಮಗ ಆ ಕಡೆ ಬಸ್ಸಿಗೆ ಹೋಗ್ತ, ಕೊಟ್ಟು ಕಳಿಸ್ತೆ. ಒಂದ್ಸಲ ಉಟ್ಟು ಬಿಡು."

ಪ್ರತಿಭಾ ಮೆಲ್ಲಗೆ ಹೇಳಿದಳು, "ನಾನು ಒಲ್ಲೆ ಅಪ್ಪ. ಅಮ್ಮ ಉಟ್ಟು ಬಿಟ್ಟದ್ದು ಅಂತ ನೀನೇ ಹೇಳ್ತೆ. ನನಗೆ ಹೆದ್ರಿಕೆ ಆಗ್ತದೆ. ಮನೇಲಿ ಸಣ್ಣ ಮಕ್ಕಳು ಅದಾವೆ."

"ನಿನ್ನ ಅಮ್ಮ ಅಲ್ದನಾ?"

"ಅದ್ಕೇ ಒಲ್ಲೆ."

ಫೋನು ಇಟ್ಟ ಮೇಲೆ ನವೀನ, "ನಾವೇ ಯಾವ್ದಾದ್ರೂ ಕೊರಿಯರಿಗೆ ಹಾಕಿ ಕಂಪನಿಗೇ ಕಳಿಸಿದ್ರೆ?" ಎಂದು ಮಾತು ತೆಗೆದ. ಕೇಳಿಕೊಂಡು ಬಂದ. ಕಳಿಸುವ ಖರ್ಚು ಸೀರೆಯ ಬೆಲೆಗೆ ಹತ್ತಿರ ಬಂದಿತ್ತು. ಕೆಲಸಕ್ಕೆ ಬರುವ ಬೀರನ ಹೆಂಡತಿಗೆ ಕೊಡೋಣವೆಂದರೆ ಅವಳು ಮಣೆಯ ಮೇಲಿಟ್ಟದ್ದನ್ನು ಕಣ್ಣಾರೆ ಕಂಡವಳು, ಕೈ ಹಿಂದೆ ಕಟ್ಟಿಕೊಂಡಳು. ಹೊಳೆಗೆ ಬಿಡುವ ಮಾತು ಬಂದಾಗ ಮಂಜಪ್ಪ ಸೀರೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ.

"ಮಗಳು ಒ‌ಲ್ಲೆ ಅಂದ್ಲು. ಕಂಪನಿ ಒಲ್ಲೆ ಅಂತು. ನಾಗೀನೂ ಉಟ್ಟು, ಮಡಚಿ, ನಮ್ಮನೆ ವಿಳಾಸಕ್ಕೇ ಕಳಿಸಿದ್ಲು," ಎಂದ ಮಗನಿಗೆ. "ಎಲ್ಲಿಗೆ ಹೋಗ್ಬೇಕು ಹೇಳು ಆ ಸೀರೆ?"

ಮರುದಿನ ಅವನು ಚಹಾ ಸಹ ಮುಟ್ಟಲಿಲ್ಲ. ಅದರ ಮರುದಿನ ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಕೂತ. ಡಾಕ್ಟರು ಬಂದು ಸಲೈನ್ ಏರಿಸಿ, "ಹೊಟ್ಟೆಗೆ ಎಂತಾರೂ ಹೋಗ್ಬೇಕು, ಇಲ್ದಿದ್ರೆ ಅಡ್ಮಿಟ್ ಮಾಡಿ," ಎಂದು ಹೋದರು.

"ನೀನು ಒಂದ್ಸಲ ಉಟ್ರೆ ಅಪ್ಪ ಉಣ್ಬಹುದು..." ಎಂದ ನವೀನ.

ಅನುಶ್ರೀ ಕತ್ತರಿ ಕೆಳಗಿಟ್ಟಳು. "ನಾನು ಉಟ್ರೆ ಎಂತಾಗ್ತದೆ ಗೊತ್ತದೆ ಅಲ್ದಾ?"

"ಅದೆಲ್ಲ ಹಳೇ ಜನರ ಮಾತು."

"ನಿಮಗೆ ಹಳೇ ಮಾತು. ನನಗೆ ಇಪ್ಪತ್ತು ವರ್ಷ. ಒಂದೇ ಒಂದು ಸಲ ನನ್ನ ಅಡಿಗೆಮನೆಲಿ ನನ್ನ ಕೈಯಾರೆ ಒಂದು ಡಬ್ಬಿ ಸರಿಸ್ಬೇಕು ಅಂತ ಇದ್ದೆ. ಅಷ್ಟೇ ಕೇಳಿದ್ದು ನಾನು."

"ಅಪ್ಪ ಸಾಯ್ತ ಅನು."

ಒಳಕೋಣೆಯಿಂದ ಮಂಜಪ್ಪ ನರಳುವುದು ಕೇಳಿಸಿತು. ಅನುಶ್ರೀ ಎದ್ದು ಹೋಗಿ ಅವನ ದಿಂಬಿನ ಕೆಳಗಿನಿಂದ ಸೀರೆ ಎಳೆದುಕೊಂಡಳು. ಅವನು ತಡೆಯಲಿಲ್ಲ. ಅವಳು ಬಾಗಿಲು ಹಾಕಿಕೊಂಡು, ಹಲ್ಲಿನಿಂದ ಟ್ಯಾಗಿನ ದಾರ ಕಡಿದಳು.

ಮಧ್ಯಾಹ್ನ ನವೀನ ಅಪ್ಪನನ್ನು ಹಿಡಿದು ತಂದು ಗೋಡೆಗೆ ಒರಗಿಸಿ ಕೂರಿಸಿದ. ಅನುಶ್ರೀ ಬಡಿಸಲು ಬಂದಳು. ಆ ಸೊಪ್ಪಿನ ಬಣ್ಣ ಒಳಮನೆಯ ಬೆಳಕಿನಲ್ಲಿ ಬೇರೆಯೇ ಕಾಣುತ್ತಿತ್ತು. ಗಿಣಿಹಸಿರು ಎಂದರೂ ನಡೆಯುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಅವಳು ಯಾವತ್ತೂ ಹಾಗೆ ಸಿಕ್ಕಿಸುವವಳಲ್ಲ.

ಮಂಜಪ್ಪ ಅನ್ನ ಕಲಸಿದ. ಒಂದು ತುತ್ತು ಬಾಯಿಗಿಟ್ಟ. ಇಪ್ಪತ್ತು ವರ್ಷದಲ್ಲಿ ಅವನು ಸೊಸೆಯ ಅಡಿಗೆಗೆ ಹೆಸರಿಟ್ಟವನಲ್ಲ. ಇಡುವುದಿದ್ದರೆ ಹೆಂಡತಿಯ ಹತ್ತಿರ ಇಡುತ್ತಿದ್ದ.

"ಎಂತನೇ ಇದು?" ಎಂದ, ತಟ್ಟೆಯಿಂದ ಮುಖ ಎತ್ತದೆ. "ಸಾರಿಗೆ ಉಪ್ಪೇ ಹಾಕಲಿಲ್ಲನೇ?"

ನವೀನ ಹೆಂಡತಿಯ ಕಡೆ ನೋಡಿದ.

"ಬಿಪಿ ಅದೆ ಅಂತ ನೆನಪದನಾ ನಿಮಗೆ? ಹಾಕಿದ್ದು ಉಣ್ಣಿ ಸುಮ್ನೆ."

ಜ್ಯೋತಿ ತಟ್ಟನೆ ಅಮ್ಮನ ಕಡೆ ತಿರುಗಿದಳು. ಅಜ್ಜಿಯ ಧ್ವನಿಯ ಆ ಕೊನೆಯ ಎಳೆತ ಎಷ್ಟು ಕಷ್ಟದ್ದೆಂದು ಮನೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಅಜ್ಜಿ ಇದ್ದಾಗಿನಿಂದ ಅಭ್ಯಾಸ ಮಾಡಿದರೂ ಅದು ಅವಳಿಗೆ ಪೂರಾ ಹತ್ತಿರಲಿಲ್ಲ. ಅಮ್ಮ ಅಣಕ ಮಾಡಿದವಳೇ ಅಲ್ಲ.

"ಅಮ್ಮ?" ಎಂದಳು ಜ್ಯೋತಿ.

ತಾಯಿ ಅವಳ ಕಡೆ ತಿರುಗಲಿಲ್ಲ. ಮಂಜಪ್ಪ ಒಂದೊಂದೇ ತುತ್ತು ಮುಗಿಸಿ ತಟ್ಟೆ ಮುಂದಕ್ಕೆ ತಳ್ಳಿದ.

"ಇನ್ನೊಂದು ಸೌಟು ಹಾಕೇ."

ಅವಳು ಹಾಕಿದಳು.